ಅಷ್ಟೂರಿನ ಗುಮ್ಮಟ: ಲಿಪಿಯೂ ಸಂಕೇತಾರ್ಥವೂ

ಸಂಕೇತದ ಅರ್ಥವು ಅದರ ಆಕಾರದಲ್ಲಿಯೇ ಅಡಗಿರುವುದೋ, ಅಥವಾ ಅದನ್ನು ಗ್ರಹಿಸುವ ಜನರ ರೂಢಿಯಿಂದ ಹುಟ್ಟುವುದೋ ಎಂಬ ಪ್ರಶ್ನೆಗೆ ಬೀದರ ನಗರದ ಸಮೀಪದ ಅಷ್ಟೂರಿನಲ್ಲಿ ಉತ್ತಮ ನಿದರ್ಶನವೊಂದು ದೊರೆಯುತ್ತದೆ. ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಸಾಗಿಸಿದ ಬಹಮನಿ ಸುಲ್ತಾನ ಅಹಮದಶಹಾ ವಲಿಯು ಕ್ರಿ. ಶ. 1436ರಲ್ಲಿ ತೀರಿಕೊಂಡನು. ಆತನ ಗೋರಿಯ ಒಳಗೋಡೆಗಳ ಮೇಲೂ ಗುಮ್ಮಟದ ಒಳಮೈಯಲ್ಲಿಯೂ ಕೂಫಿ, ತುಲುತ್, ನಸ್ಖ್ ಶೈಲಿಗಳ ಸುವರ್ಣಾಕ್ಷರಗಳು ಶೋಭಿಸುತ್ತವೆ. ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಬರಹಗಳನ್ನು ಪರಿಶೀಲಿಸಿ, ಕಿರ್ಮಾನಿನ ಶಹಾ ನಿಯಾಮತುಲ್ಲಾ ವಲಿಯ ಪಂಥದೊಡನೆ ದೊರೆಗಿದ್ದ ಸಂಬಂಧವನ್ನು ತೋರಿಸಿರುವರು. ಈ ವಾಚನವಿಲ್ಲದೆ ಮುಂದಿನ ಯಾವ ವಿಚಾರವೂ ನಿಲ್ಲಲಾರದು.

ಆದರೆ ಅಕ್ಷರವನ್ನು ಓದಿದ ಮಾತ್ರಕ್ಕೆ ಅರ್ಥವು ಮುಗಿಯಿತೆನ್ನುವುದು ಯುಕ್ತವಲ್ಲ. ಇದೇ ದೊರೆಯನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದು ನಂಬಿ ನಡೆದುಕೊಳ್ಳುತ್ತಾರೆ. ಉರುಸು ಹಿಂದೂ ಪಂಚಾಂಗದಂತೆ ನಡೆಯುತ್ತದೆ. ಅದರಲ್ಲಿ ಜಂಗಮರಿಗೂ ಮುಖ್ಯಸ್ಥಾನವುಂಟು. ಗೋಡೆಯ ಲಿಪಿಯನ್ನು ಓದಲರಿಯದ ಯಾತ್ರಿಕನಿಗೂ ಅದರ ಹೊಂಬಣ್ಣವು ಪಾವಿತ್ರ್ಯವನ್ನು ಸೂಚಿಸದೆ ಇರದು. ವಾಚ್ಯಾರ್ಥವಿಲ್ಲದ ಗೀತಧ್ವನಿಯೂ ರಸವನ್ನು ವ್ಯಂಜಿಸಬಲ್ಲದೆಂದು ಆನಂದವರ್ಧನನು ಒಪ್ಪಿರುವನಷ್ಟೆ. ಶಾಸನಜ್ಞನು ಹಿಡಿದುದು ಅಭಿಧೆಯನ್ನು. ಯಾತ್ರಿಕನು ಹಿಡಿದುದು ವ್ಯಂಜನೆಯನ್ನು.

ಇಷ್ಟರಿಂದ ಎರಡು ಗ್ರಹಣಗಳೂ ಒಂದೇ ವಿಷಯಕ್ಕೆ ಪ್ರಮಾಣವೆಂದು ಭಾವಿಸಲಾಗದು. ಗೋರಿಯನ್ನು ಅಲಂಕರಿಸಿದವರ ಮತವೇನಿತ್ತೆಂಬುದಕ್ಕೆ ಬರಹವು ಸಾಕ್ಷಿ. ಅದು ಜನಕ್ಕೆ ಏನಾಗಿ ಬಂದಿದೆಯೆಂಬುದಕ್ಕೆ ಆಚರಣೆಯು ಸಾಕ್ಷಿ. ಲಿಪಿಯ ಬಲದಿಂದ ಆಚರಣೆಯನ್ನು ಭ್ರಾಂತಿಯೆಂದು ತಳ್ಳುವುದೂ, ಆಚರಣೆಯ ಬಲದಿಂದ ಲಿಪಿಯನ್ನು ಮರೆಯುವುದೂ ಸಂಶೋಧಕನಿಗೆ ಸಲ್ಲದು.