ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆ

ಬಡಗುತಿಟ್ಟಿನ ಭಾಗವತಿಕೆಯ ಮಾತು ಬಂದಾಗಲೆಲ್ಲ ಗುಂಡ್ಮಿ ಕಾಳಿಂಗ ನಾವಡರ (1958–1990) ಹೆಸರು ಬಾರದೆ ಇರದು; ಬಂದೊಡನೆ ಕೇಳುಗರು ಎರಡು ಪಕ್ಷವಾಗುವರು. ಅವರ ಕಂಠದಿಂದ ಯಕ್ಷಗಾನಕ್ಕೆ ಹೊಸ ಪ್ರೇಕ್ಷಕವರ್ಗ ದೊರೆಯಿತೆಂಬುದು ಒಂದು ಪಕ್ಷ. ರಾಗವಿಸ್ತಾರದ ಮೋಹದಿಂದ ಅವರು ಸಂಪ್ರದಾಯದ ಮಟ್ಟನ್ನು ಕೆಡಿಸಿದರೆಂಬುದು ಇನ್ನೊಂದು. ಈ ಎರಡನೆಯ ಆಕ್ಷೇಪವು ಪರೀಕ್ಷಾರ್ಹವಾದುದು.

ಬ್ರಹ್ಮಾವರ ಸೀಮೆಯ ಗುಂಡ್ಮಿಯಲ್ಲಿ ಭಾಗವತ ರಾಮಚಂದ್ರ ನಾವಡರ ಮಗನಾಗಿ ಹುಟ್ಟಿ, ನಾರ್ಣಪ್ಪ ಉಪ್ಪೂರರಲ್ಲಿ ಕಲಿತು, ಸಾಲಿಗ್ರಾಮ ಮೇಳದಲ್ಲಿ ಪ್ರಸಿದ್ಧರಾದ ಈ ತರುಣರಿಗೆ ಸಂಪ್ರದಾಯದ ಪರಿಚಯ ಸಾಲದಾಗಿತ್ತೆಂದು ಹೇಳುವಂತಿಲ್ಲ.

ಪ್ರಸಂಗಕವಿಯು ಪದ್ಯದ ಮೇಲೆ ರಾಗತಾಳಗಳೆರಡನ್ನೂ ಸೂಚಿಸುತ್ತಾನೆ. ತಾಳವೂ ಛಂದಸ್ಸೂ ಪದ್ಯದ ಅಸ್ಥಿ, ಅವನ್ನು ಕದಲಿಸಲಾಗದು. ರಾಗವನ್ನಾದರೋ ಸನ್ನಿವೇಶಕ್ಕೂ ತಮ್ಮ ಶಾರೀರಕ್ಕೂ ಒಪ್ಪುವಂತೆ ಬದಲಿಸಿಕೊಳ್ಳುವುದು ಹಿಂದಿನ ಭಾಗವತರಲ್ಲಿಯೂ ಇದ್ದುದೇ. ಆದುದರಿಂದ ರಾಗ ಹೊಸದಾಯಿತೆಂಬಷ್ಟರಿಂದಲೇ ದೋಷ ಹೊರಿಸಲಾಗದು. ನಿಜವಾದ ಪ್ರಶ್ನೆಯಿರುವುದು ಕಾಲಾವಧಿಯಲ್ಲಿ. ಪದ್ಯ ಮುಗಿಯದೆ ಅರ್ಥ ಆರಂಭವಾಗದು. ಕುಣಿಯುವವನ ಉಸಿರು, ಮದ್ದಳೆಗಾರನ ಕೈ, ಚೆಂಡೆಯ ಪೆಟ್ಟು ಎಲ್ಲವೂ ಭಾಗವತನನ್ನೇ ಕಾದಿರುತ್ತವೆ. ಕರುಣರಸದ ಪದ್ಯದಲ್ಲಿ ವಿಸ್ತರಿಸಿದ ಆಲಾಪನೆಯು ಪಾತ್ರದ ದುಃಖವನ್ನು ಬೆಳೆಸೀತು; ಏರುಪದದಲ್ಲಿ ಅದೇ ವಿಸ್ತಾರವು ಯುದ್ಧವನ್ನೇ ನಿಲ್ಲಿಸಿಬಿಡುತ್ತದೆ. ಈ ವಿವೇಕವಿದ್ದಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ.

ನಾವಡರಲ್ಲಿ ಈ ವಿವೇಕ ಎಷ್ಟಿತ್ತು? ಇಂದು ಅವರನ್ನು ನಾವು ಬಹುಮಟ್ಟಿಗೆ ಧ್ವನಿಸುರುಳಿಗಳಿಂದಲೇ ಬಲ್ಲೆವು. ಅಲ್ಲಿ ಕಂಠವುಂಟು, ರಂಗವಿಲ್ಲ. ಯಾವ ಹೆಜ್ಜೆಗಾಗಿ ಸ್ವರವನ್ನು ಹಿಡಿದರು, ಯಾವ ವೇಷಧಾರಿಯ ದಣಿವನ್ನು ಕಂಡು ಪದ್ಯವನ್ನು ಬೇಗನೆ ಮುಗಿಸಿದರು ಎಂಬುದು ಸುರುಳಿಯಲ್ಲಿ ಕಾಣದು. ಅದನ್ನೇ ಗುರುವಾಗಿ ಸ್ವೀಕರಿಸಿದ ಅನುಕರಣಕಾರರಿಗೆ ಎತ್ತರದ ಶ್ರುತಿಯೂ ಸ್ವರದ ಬಳುಕೂ ಸಿಕ್ಕವು. ವೇಷದ ಮೇಲಿರಬೇಕಾದ ಕಣ್ಣು ಸಿಕ್ಕಲಿಲ್ಲ. ಮಟ್ಟು ಕೆಟ್ಟಿತೆಂಬ ದೂರಿನ ಹೆಚ್ಚಿನ ಪಾಲು ಇವರಿಗೆ ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ. (ಶಿಷ್ಯರ ಸಾಲವನ್ನು ಗುರುವಿನ ಲೆಕ್ಕಕ್ಕೆ ಬರೆಯುವುದು ನಮ್ಮ ವಿಮರ್ಶೆಯಲ್ಲಿ ಹೊಸತೇನೂ ಅಲ್ಲ.)

ನಾವಡರು ರಂಗವನ್ನು ಬಲ್ಲವರೆಂಬುದಕ್ಕೆ ಬೇರೊಂದು ಸಾಕ್ಷಿಯುಂಟು. ಅವರೇ ರಚಿಸಿದ ‘ನಾಗಶ್ರೀ’ ಪುರಾಣಮೂಲವಿಲ್ಲದ ಕಲ್ಪಿತ ಪ್ರಸಂಗ. ಅದರ ಹೆಸರು ಕೇಳಿದರೆ ಮೂಗು ಮುರಿಯುವ ಪಂಡಿತರುಂಟು. ವಸ್ತುಗೌರವದಲ್ಲಿ ಅದು ಒಳ್ಳೆಯ ಪೌರಾಣಿಕ ಪ್ರಸಂಗಗಳಿಗೆ ಸರಿಗಟ್ಟದೆಂದು ನಾನೂ ಒಪ್ಪುತ್ತೇನೆ. ಆದರೆ 1990ರಲ್ಲಿ ರಸ್ತೆ ಅಪಘಾತವು ಆ ಕಂಠವನ್ನು ನಿಲ್ಲಿಸಿದ ಮೇಲೂ ‘ನಾಗಶ್ರೀ’ ನಿಲ್ಲಲಿಲ್ಲ. ಅನ್ಯ ಭಾಗವತರು, ಅನ್ಯ ಶಾರೀರದಲ್ಲಿ, ಅದನ್ನು ಆಡಿಸಿದರು. ಪದ್ಯಗಳು ತಮ್ಮ ಕಾಲಮೇಲೆ ತಾವೇ ನಿಂತವು.