ದರ್ಶನವೋ ಪ್ರದರ್ಶನವೋ

ಕಾಡುಪ್ರಾಣಿಗಳನ್ನು ಕೊಲ್ಲಲು ಹೊರಡುತ್ತಿದ್ದವರ ಕಾಲ ಸರಿದು, ಅವುಗಳನ್ನು ನೋಡಲು ಹೊರಡುವವರ ಕಾಲ ಬಂದಿರುವುದನ್ನು ಅಹಿಂಸೆಯ ದೃಷ್ಟಿಯಿಂದ ದೊಡ್ಡ ಮುನ್ನಡೆಯೆಂದು ಭಾವಿಸಲಾಗಿದೆ. ಆ ಭಾವನೆ ತಪ್ಪಲ್ಲ. ಆದರೆ ಕೇವಲ ನೋಟವೆಂಬ ಕಾರಣಕ್ಕೆ ಒಂದು ಕ್ರಿಯೆ ನಿರ್ದೋಷವಾಗಿಬಿಡುವುದೇ ಎಂಬ ಪ್ರಶ್ನೆ ಉಳಿಯುತ್ತದೆ. ಕೊಪ್ಪಳ ಸೀಮೆಯ ಜನಕ್ಕೆ ಈ ಪ್ರಶ್ನೆ ದೂರದ್ದಲ್ಲ. ತುಂಗಭದ್ರೆಯ ತೆಂಕಣ ದಡದಲ್ಲಿ ಕರಡಿಯು ಟಿಕೆಟ್ ಕೊಂಡು ನೋಡತಕ್ಕ ವಸ್ತು. ಬಡಗಣ ದಡದಲ್ಲಿ ಅದು ಹೊಲದ ಬದುವಿನಲ್ಲಿ ಹಠಾತ್ತನೆ ಎದುರಾಗುವ ಭಯ.

ತೆಂಕಣ ದಡದ ದರೋಜಿ ಕರಡಿಧಾಮವು 1994ರಲ್ಲಿ ಘೋಷಿತವಾಯಿತು. ಆರಂಭದಲ್ಲಿ ಸುಮಾರು 5,587 ಹೆಕ್ಟೇರ್ ಇದ್ದ ಪ್ರದೇಶ ಅನಂತರ 82 ಚದರ ಕಿಲೋಮೀಟರಿಗೂ ಮಿಕ್ಕಿ ವಿಸ್ತರಿಸಿತು. ಹಂಪಿ ಸಮೀಪದಲ್ಲಿದೆ, ತೋರಣಗಲ್ಲಿನ ವಿಮಾನ ನಿಲ್ದಾಣವೂ ದೂರವಿಲ್ಲ. ಬೆಳಿಗ್ಗೆ ವಿರೂಪಾಕ್ಷನ ಗುಡಿ, ಮಧ್ಯಾಹ್ನ ಕರಡಿ, ರಾತ್ರಿ ಮನೆ ಎಂಬಷ್ಟು ಸುಲಭ. ಈ ಸೌಲಭ್ಯಕ್ಕೆ ಕಾರಣ ಕೇವಲ ರಸ್ತೆಯಲ್ಲ. ಧಾಮಕ್ಕೆ ಹೆಸರು ತಂದ ಪದ್ಧತಿಯೆಂದರೆ, ವೀಕ್ಷಣಾ ಗೋಪುರದ ಎದುರಿಗಿರುವ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕವನ್ನೋ ಜೇನನ್ನೋ ಬಳಿಯುವುದು. ಇಳಿಹೊತ್ತಿಗೆ ಕರಡಿಗಳು ಗುಹೆಗಳಿಂದ ಇಳಿದು ಬಂದು ಬಂಡೆಯನ್ನು ನೆಕ್ಕುತ್ತವೆ. ತಾಯಿಯ ಬೆನ್ನಮೇಲೆ ಮರಿಗಳಿರುತ್ತವೆ. ಗೋಪುರದ ಮೇಲಿದ್ದವರು ಧನ್ಯರಾಗುತ್ತಾರೆ.

ಈ ಪದ್ಧತಿಯನ್ನು ಸಾರಾಸಗಟಾಗಿ ಖಂಡಿಸುವುದು ಅನ್ಯಾಯವಾದೀತು. ಗಣಿಗಾರಿಕೆಯ ನಾಡಾದ ಸಂಡೂರಿನ ಪಕ್ಕದಲ್ಲಿ ಕುರುಚಲು ಕಾಡಿನ ಕಲ್ಲುಗುಡ್ಡವೊಂದು ಉಳಿದುಕೊಳ್ಳಬೇಕಾದರೆ ಅದನ್ನು ಬಯಸುವ ಜನರಿರಬೇಕು. ಕಾಣದ ಪ್ರಾಣಿಯನ್ನು ಬಯಸುವವರು ಕಡಿಮೆ. ಹಿಂದಿನ ಕಾಲದೊಡನೆ ಹೋಲಿಸಿದರಂತೂ ದರೋಜಿಯ ಕರಡಿ ಭಾಗ್ಯವಂತ. ಮೂಗು ತಿವಿದು, ಹಗ್ಗ ಪೋಣಿಸಿ, ಹಲ್ಲು ಕಿತ್ತು, ಊರೂರು ಕುಣಿಸುತ್ತಿದ್ದ ಕರಡಿಯಾಟವನ್ನು ಹಳಬರೆಲ್ಲ ಕಂಡವರೇ. ಕುಣಿಯುವ ಕೊನೆಯ ಕರಡಿಯೆಂದು ದಾಖಲಾದದ್ದು ಬನ್ನೇರುಘಟ್ಟದ ಆಶ್ರಯಧಾಮ ಸೇರಿದ್ದು 2009ರಲ್ಲಿ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟುವುದು, ಹೊಡೆಯುವುದು, ಅಂಗವನ್ನು ಭೇದಿಸುವುದು, ಉಪವಾಸ ಕೆಡಹುವುದು ಎಂಬ ನಾಲ್ಕು ಆ ಆಟದಲ್ಲಿ ಎದ್ದು ಕಾಣುತ್ತಿದ್ದವು. ದರೋಜಿಯ ಬಂಡೆಯ ಬಳಿ ಐದರಲ್ಲಿ ಒಂದೂ ಕಾಣದು. ಅಲ್ಲಿ ಅನ್ನಪಾನದ ನಿರೋಧವಿಲ್ಲ, ದಾನವೇ ಇದೆ.

ವಿಮರ್ಶೆ ತೊಡಗಬೇಕಾದುದು ಇಲ್ಲಿಂದಲೇ. ಆ ಬೆಲ್ಲ ದಾನವೇ? ದಾನವು ಪಡೆಯುವವನ ಹಿತಕ್ಕಾಗಿ. ಕರಡಿಗೆ ಹಸಿವಾದ ಹೊತ್ತಿಗಲ್ಲದೆ ನೋಡುಗರಿಗೆ ಬಿಡುವಾದ ಹೊತ್ತಿಗೆ, ಕರಡಿಗೆ ಅನುಕೂಲವಾದ ಕಡೆಯಲ್ಲದೆ ಗೋಪುರಕ್ಕೆ ಎದುರಾದ ಕಡೆ ಇಡುವ ತಿನಿಸಿಗೆ ಬೇರೆ ಹೆಸರಿದೆ: ಆಮಿಷ. ಹಗ್ಗವಿಲ್ಲದಿದ್ದರೂ ಎಳೆತವಿದೆ. ಜೇನನ್ನು ಬಳಿದಾಗ ಇನ್ನೊಂದು ವಿಸಂಗತಿಯೂ ಸೇರಿಕೊಳ್ಳುತ್ತದೆ. ಮಧುವಿನಲ್ಲಿ ಅಸಂಖ್ಯ ಜೀವಗಳ ಘಾತವಿದೆಯೆಂದು ಮದ್ಯಮಾಂಸಗಳ ಸಾಲಿನಲ್ಲಿಟ್ಟು ಅದನ್ನು ತ್ಯಜಿಸಿದ ಮನೆತನಗಳವರೂ ರಜೆಯ ದಿನ ಆ ಗೋಪುರವನ್ನು ಏರುತ್ತಾರೆ. ಕರಡಿ ತಾನಾಗಿ ಜೇನುಹುಟ್ಟನ್ನು ಕೀಳುವುದು ಅದರ ಬದುಕು, ಗೆದ್ದಲನ್ನು ಹೀರುವುದೂ ಹಾಗೆಯೇ. ತಿರ್ಯಂಚ ಜೀವಿಯಿಂದ ವ್ರತವನ್ನು ಯಾರೂ ನಿರೀಕ್ಷಿಸುವುದಿಲ್ಲ. ನೋಡುವ ಸುಖಕ್ಕಾಗಿ ಹುಟ್ಟು ಕೀಳಿಸುವುದು ಮನುಷ್ಯನ ಲೆಕ್ಕಕ್ಕೆ ಸೇರುತ್ತದೆ.

ತಿನಿಸು ಕೊಟ್ಟು ಕರೆಯುವುದರ ಫಲವನ್ನು ಅಮೆರಿಕದ ಯೆಲ್ಲೊಸ್ಟೋನ್ ಕಂಡಿದೆ. ಅಲ್ಲಿ ಕಸದ ಗುಂಡಿಗೆ ಬರುವ ಕಂದು ಕರಡಿಗಳನ್ನು ನೋಡಲು ಮೆಟ್ಟಿಲು ಮೆಟ್ಟಿಲಾದ ಆಸನಗಳನ್ನೇ ಹಾಕಿದ್ದರು. ಎರಡನೆಯ ಮಹಾಯುದ್ಧದ ವೇಳೆಗೆ ಆಟ ನಿಂತಿತು. ಗುಂಡಿಗಳು ಮುಚ್ಚಿದ್ದು 1970ರ ಆಸುಪಾಸಿನಲ್ಲಿ. ಮನುಷ್ಯನ ವಾಸನೆಯೆಂದರೆ ಅನ್ನವೆಂದು ಕಲಿತಿದ್ದ ಕರಡಿಗಳು ಬಿಡಾರಗಳಿಗೆ ನುಗ್ಗಿದವು, ಅನೇಕವು ಕೊಲ್ಲಲ್ಪಟ್ಟವು. 1975ರಲ್ಲಿ ಅವನ್ನು ಅಪಾಯದಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಉಂಡವರು ಕರಡಿಗಳು, ನಕ್ಕವರು ಪ್ರೇಕ್ಷಕರು, ಸತ್ತವರು ಮತ್ತೆ ಕರಡಿಗಳು.

ಅಲಾಸ್ಕದಲ್ಲಿ ಪಾಠ ಕಲಿತವರಿದ್ದಾರೆ. ಕಟ್ಮೈ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತಕ್ಕೆ ರಸ್ತೆಯೇ ಇಲ್ಲ. ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳುವವರು ಬಹಳ. ಇಳಿದೊಡನೆ ಅವರಿಗೆ ಕರಡಿಗಳ ನಡುವೆ ಹೇಗಿರಬೇಕೆಂಬ ಪಾಠವಾಗುತ್ತದೆ. ತಿನಿಸನ್ನು ಕರಡಿಯ ಹತ್ತಿರ ಒಯ್ಯುವಂತಿಲ್ಲ. ಸಾಲ್ಮನ್ ಮೀನಿನ ಕಾಲ ಬಂದಾಗ ಕರಡಿ ಬರುತ್ತದೆ, ಮೀನಿಲ್ಲದಿದ್ದರೆ ಇಲ್ಲ. ಸಮೀಪದ ಮೆಕ್ನೀಲ್ ನದಿಯಲ್ಲಿ ಇನ್ನೂ ಬಿಗಿ: ಚೀಟಿ ಎತ್ತಿ ದಿನಕ್ಕೆ ಹತ್ತೇ ಜನರಿಗೆ ಅನುಮತಿ. ಅಲ್ಲಿ ಕರಡಿಯಿಂದ ಯಾರಿಗೂ ಗಾಯವಾದದ್ದಿಲ್ಲ. ಇದೂ ಪೂರ್ಣ ನಿರ್ದೋಷವೇನಲ್ಲ. ಒಂದು ಹಗಲಿನ ಕಣ್ಸುಖಕ್ಕೆ ನೂರಾರು ಡಾಲರು ತೆತ್ತು, ಆಕಾಶದಲ್ಲಿ ಎಣ್ಣೆ ಸುಟ್ಟು ಹೋಗುವ ನೋಟದಲ್ಲಿ ಪರಿಗ್ರಹದ ವಾಸನೆ ಇದ್ದೇ ಇದೆ; ಕಂಡದ್ದಕ್ಕಿಂತ ಚಿತ್ರದಲ್ಲಿ ಸೆರೆಹಿಡಿದದ್ದೇ ಹೆಚ್ಚಾಗುತ್ತದೆ. ಆದರೂ ಅಲ್ಲಿ ಮನುಷ್ಯ ಕರಡಿಯ ಸಮಯಕ್ಕೆ ಕಾಯುತ್ತಾನೆ. ಒಂದನ್ನು ದರ್ಶನವೆಂದೂ ಇನ್ನೊಂದನ್ನು ಪ್ರದರ್ಶನವೆಂದೂ ಕರೆಯಲು ಈ ವ್ಯತ್ಯಾಸ ಸಾಕು.

ಇನ್ನು ಬಡಗಣ ದಡ. ಆನೆಗೊಂದಿಯನ್ನು ಕಿಷ್ಕಿಂಧೆಯೆಂದು ನಂಬುವ ಜನಕ್ಕೆ ಕರಡಿಯೆಂದರೆ ಮೊದಲು ಜಾಂಬವಂತ. (ಜೈನ ರಾಮಾಯಣಗಳಲ್ಲಿ ವಾನರರು ಕಪಿಧ್ವಜದ ವಿದ್ಯಾಧರರು, ಅಲ್ಲಿನ ಕಿಷ್ಕಿಂಧೆ ಪ್ರಾಣಿಗಳದ್ದಲ್ಲ.) ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಕಲ್ಲುಗುಡ್ಡಗಳ ಕರಡಿಗೆ ಗೋಪುರವಿಲ್ಲ, ಪಾಕವಿಲ್ಲ. ಗ್ರಾನೈಟಿಗಾಗಿ ಬಂಡೆ ಸೀಳುವ ಕಡೆ ಗವಿಯೂ ಹೋಗುತ್ತದೆ. ಬಾರೆ, ಕವಳೆ, ನೇರಳೆಗಳು ಮುಗಿದಾಗ ಅದು ಮೆಕ್ಕೆಜೋಳಕ್ಕೋ ಕಲ್ಲಂಗಡಿಗೋ ಇಳಿಯುತ್ತದೆ. ಕಣ್ಣು ಮಂದ, ಓಡಿಹೋಗುವ ಸ್ವಭಾವ ಕಡಿಮೆ. ಬೆಚ್ಚಿದರೆ ಎದ್ದು ನಿಂತು ಮುಖಕ್ಕೇ ಎರಗುತ್ತದೆ. ನಸುಕಿನಲ್ಲಿ ನೀರು ಹಾಯಿಸಲು ಹೋದ ರೈತ ಬಡಿಗೆ ಬೀಸಿದರೆ ಅದು ವಿರೋಧೀ ಹಿಂಸೆ. ಗೃಹಸ್ಥನಿಗೆ ಅದರಿಂದ ಪಾರಿಲ್ಲವೆಂದು ಶಾಸ್ತ್ರವೇ ಬಲ್ಲದು. ಗೋಪುರದ ಪ್ರೇಕ್ಷಕನಿಗೆ ಅಂಥ ಅನಿವಾರ್ಯ ಯಾವುದೂ ಇಲ್ಲ. ಹೀಗಿದ್ದೂ ಕ್ರೂರಿಯೆನಿಸಿಕೊಳ್ಳುವವನು ರೈತ, ಪ್ರಾಣಿಪ್ರಿಯನೆನಿಸಿಕೊಳ್ಳುವವನು ಪ್ರೇಕ್ಷಕ.

ನೋಡಲೇಬೇಕೆಂಬವರಿಗೆ ಕರಡಿಯ ಸಹಜ ಕಸುಬೇ ಬೇಕಾದಷ್ಟು ಸೊಗಸು. ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದಿನಿಂದ ಹುತ್ತದ ಧೂಳನ್ನು ಊದಿ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಮೀಟರಿಗೂ ಆಚೆ ಕೇಳಿಸುವಂಥದು. ಬೆಲ್ಲ ನೆಕ್ಕುವ ಬಂಡೆಯ ಮೇಲೆ ಇದನ್ನು ಕಾಣಲಾಗದು. ಪಾಕ ಬಳಿಯದ ದಿನ ಕರಡಿ ಬಾರದೆಯೂ ಹೋದೀತು. ಟಿಕೆಟ್ ಕೊಳ್ಳುವವರಿಗೆ ಅದನ್ನು ಮುಂಚಿತವಾಗಿ ತಿಳಿಸುವ ಫಲಕವೊಂದನ್ನು ಬಾಗಿಲಲ್ಲಿ ನಿಲ್ಲಿಸಿದರೆ ಸಾಕು.