ಯಾವ ಬೀನ್‌ಗೆ ಎಷ್ಟು ಆಯುಷ್ಯ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಶಾಲೆಯೊಂದನ್ನು ಕಟ್ಟಿಸಿದ. ಕ್ರಿ.ಶ. 945ರ ಅಲ್ಲಿನ ಶಾಸನ ದತ್ತಿಯನ್ನೆಲ್ಲ ಒಂದೇ ಗಂಟಾಗಿ ಕೊಟ್ಟಿಲ್ಲ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆ, ದೀಪಕ್ಕೆ 12 ನಿವರ್ತನ ಭೂಮಿ, ಅಧ್ಯಾಪಕನಿಗೆ 50 ನಿವರ್ತನ ಎಂದು ಬೇರೆ ಬೇರೆ ಇಟ್ಟಿದೆ. ಶಾಲೆ ನಿಂತೇ ಇರುತ್ತದೆ, ವಿದ್ಯಾರ್ಥಿ ಬಂದು ಹೋಗುತ್ತಾನೆ, ಎಣ್ಣೆ ಆಯಾ ರಾತ್ರಿಗೇ ಮುಗಿಯುತ್ತದೆ. ಬಾಳಿಕೆ ಬೇರೆಯಾದಲ್ಲಿ ಲೆಕ್ಕವೂ ಬೇರೆ. ಜಾವಾದಲ್ಲಿ ಸ್ಪ್ರಿಂಗ್ ಚೌಕಟ್ಟು ಬಳಸುವವರು ಬೀನ್‌ನ (ಸ್ಪ್ರಿಂಗ್ ಕಟ್ಟಿಕೊಡುವ ಆಬ್ಜೆಕ್ಟ್‌ನ) ಸ್ಕೋಪ್, ಅಂದರೆ ಆಯುಷ್ಯ, ನಿರ್ಧರಿಸುವಾಗ ಮೊದಲು ಕೇಳಬೇಕಾದದ್ದೂ ಇದನ್ನೇ: ಇದರೊಳಗಿನ ಮಾಹಿತಿ ಯಾರದ್ದು, ಅದು ಯಾವಾಗ ಮುಗಿಯಬೇಕು?

ನಾವು ಏನೂ ಹೇಳದಿದ್ದರೆ ಸ್ಪ್ರಿಂಗ್ ಒಂದು ಕಂಟೇನರ್‌ನಲ್ಲಿ ಆ ಬೀನ್‌ನ ಒಂದೇ ಪ್ರತಿ ಮಾಡಿ ಎಲ್ಲರಿಗೂ ಅದನ್ನೇ ಕೊಡುತ್ತದೆ. ಇದು ಸಿಂಗಲ್‌ಟನ್. ಹಲವು ಥ್ರೆಡ್‌ಗಳು ಅದನ್ನು ಏಕಕಾಲಕ್ಕೆ ಬಳಸುವುದರಿಂದ, ಅದರ ಫೀಲ್ಡ್‌ನಲ್ಲಿ ಒಬ್ಬ ಗ್ರಾಹಕನ ಖಾತೆ ಸಂಖ್ಯೆ ಇಟ್ಟರೆ ಅದು ಇನ್ನೊಬ್ಬನ ಪರದೆಯಲ್ಲಿ ಕಾಣಿಸಿಕೊಳ್ಳಬಹುದು. ಒಬ್ಬರೇ ಕೂತು ಪರೀಕ್ಷಿಸುವಾಗ ಈ ದೋಷ ಸಿಗುವುದೇ ಇಲ್ಲ. ಜನ ಮುಗಿಬಿದ್ದ ದಿನ ಸಿಗುತ್ತದೆ. ನನ್ನ ಮಟ್ಟಿಗೆ ಸ್ಕೋಪ್ ತಪ್ಪುಗಳಲ್ಲಿ ಇದಕ್ಕಿಂತ ಗಂಭೀರವಾದದ್ದಿಲ್ಲ.

ಹಾಗಾದರೆ ಎಲ್ಲವನ್ನೂ ಕೇಳಿದಾಗಲೆಲ್ಲ ಹೊಸ ಪ್ರತಿ ಕೊಡುವ ಪ್ರೊಟೊಟೈಪ್ ಮಾಡಿಬಿಡೋಣ, ಮೆಮೊರಿ ಈಗ ಅಗ್ಗ ಎನ್ನುವವರಿದ್ದಾರೆ. ಆದರೆ ಸಿಂಗಲ್‌ಟನ್ ಒಳಗೆ ನೇರವಾಗಿ ಇಂಜೆಕ್ಟ್ ಮಾಡಿದ ಪ್ರೊಟೊಟೈಪ್ ಒಮ್ಮೆ ಮಾತ್ರ ಹುಟ್ಟಿ ಅಲ್ಲೇ ನೆಲೆಸುತ್ತದೆ. ಪ್ರತಿ ಸಲ ಹೊಸದು ಬೇಕಿದ್ದರೆ ಆಬ್ಜೆಕ್ಟ್‌ಪ್ರೊವೈಡರ್ ಮೂಲಕ ಕೇಳಿ ಪಡೆಯಬೇಕು. ಅದಕ್ಕಿಂತ ಮುಖ್ಯವಾದದ್ದು ಅಂತ್ಯದ ಹೊಣೆ. ಪ್ರೊಟೊಟೈಪನ್ನು ಕಟ್ಟಿ ಕೈಗೆ ಕೊಟ್ಟ ಮೇಲೆ ಕಂಟೇನರ್ ಅದನ್ನು ಮರೆತೇಬಿಡುತ್ತದೆ. ಹುಟ್ಟಿದಾಗಿನ ಪೋಸ್ಟ್‌ಕನ್‌ಸ್ಟ್ರಕ್ಟ್ ಮೆಥಡ್ ಓಡುತ್ತದೆ, ಅಂತ್ಯದ ಪ್ರಿಡಿಸ್ಟ್ರಾಯ್ ಓಡುವುದಿಲ್ಲ. ತೆರೆದ ಫೈಲನ್ನೂ ಕನೆಕ್ಷನ್ನನ್ನೂ ಪಡೆದವರೇ ಮುಚ್ಚಬೇಕು.

ಆದ್ದರಿಂದ ಬೀನ್ ಸಿಂಗಲ್‌ಟನ್ ಆಗಿಯೇ ಇರಲಿ, ಬದಲಾಗುವ ಮಾಹಿತಿ ಮೆಥಡ್‌ನ ಪ್ಯಾರಾಮೀಟರ್ ಆಗಿ ಬರಲಿ. ಲಾಗಿನ್ ಆದವರ ಗುರುತನ್ನು ಹತ್ತು ಮೆಥಡ್ ದಾಟಿಸುವುದು ತ್ರಾಸಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ಒಂದು ವೆಬ್ ರಿಕ್ವೆಸ್ಟ್‌ನಷ್ಟೇ ಬಾಳುವ ರಿಕ್ವೆಸ್ಟ್ ಸ್ಕೋಪ್ ಇಟ್ಟು ಪ್ರಾಕ್ಸಿ ಮೂಲಕ ಇಂಜೆಕ್ಟ್ ಮಾಡಬಹುದು. ಪ್ರತಿ ಕರೆಯನ್ನೂ ಪ್ರಾಕ್ಸಿ ಆ ಹೊತ್ತಿನ ರಿಕ್ವೆಸ್ಟ್‌ನ ಬೀನ್‌ಗೆ ಮುಟ್ಟಿಸುತ್ತದೆ. ಆದರೆ ರಿಕ್ವೆಸ್ಟ್‌ಗೆ ಸೇರದ ಹಿನ್ನೆಲೆ ಥ್ರೆಡ್‌ನಲ್ಲಿ ಅದನ್ನು ಬಳಸಿದರೆ ಸ್ಪ್ರಿಂಗ್ ಎಕ್ಸೆಪ್ಶನ್ ಎಸೆಯುತ್ತದೆ. ಅಂಥ ಕೆಲಸ ಒಪ್ಪಿಸುವ ಮೊದಲೇ ಬೇಕಾದ ಮೌಲ್ಯವನ್ನು ಹೊರತೆಗೆದು ಕೈಗಿಡಬೇಕು, ಬೀನನ್ನಲ್ಲ.